ಕಡಲಪಾಚಿ ಕ್ಯಾಪ್ಸೂಲ್, 60ಕ್ಕೆ 2,850 ರೂಪಾಯಿ: ನನ್ನಿಂದ ಒಂದೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ತರದ ಡಬ್ಬಿಗಳು ಹತ್ತಾರಿವೆ. ಮುಚ್ಚಳದ ಬಣ್ಣ ಬೇರೆ, ಮೇಲೆ ಬರೆದ ಮಾತು ಹೆಚ್ಚುಕಮ್ಮಿ ಒಂದೇ. ನಿಮ್ಮ ಮನೆಗೆ ಬಂದಿರುವುದು ಇನ್ಯಾವುದೋ ಇರಬಹುದು, ಆದರೂ ಓದಿ.

ನಮ್ಮ ಮನೆಗೆ ಇದು ಬಂದದ್ದು ಚಿಕ್ಕಮ್ಮನ ಚೀಲದಲ್ಲಿ. ಚಿಕ್ಕಮ್ಮನದು ತೀರ್ಥಹಳ್ಳಿ ಕಡೆಯ ಹಳ್ಳಿ. ವಯಸ್ಸು 61. ಎಡಗಡೆ ಸ್ತನದ ಕ್ಯಾನ್ಸರ್, ಆಪರೇಷನ್ ಆಗಿದೆ, ಈಗ ಕೀಮೋ ನಡೆಯುತ್ತಿದೆ. 21 ದಿನಕ್ಕೊಮ್ಮೆ ಶಿವಮೊಗ್ಗಕ್ಕೆ ಬಂದು ನಮ್ಮ ಮನೆಯಲ್ಲಿ ಎರಡು ದಿನ ಉಳಿದು ಹೋಗುತ್ತಾರೆ. ಮೂರನೇ ಸಲ ಬಂದಾಗ ಚೀಲದಿಂದ ಒಂದೊಂದಾಗಿ ತೆಗೆದಿಟ್ಟರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದೆಲಗ, ಒಂದು ಬಾಟಲಿ ಜೋನಿಬೆಲ್ಲ, ಮಜ್ಜಿಗೆ ಮೆಣಸು. ಕೊನೆಗೆ ಈ ನೀಲಿ ಡಬ್ಬಿ.

ತಂದುಕೊಟ್ಟವನು ಚಿಕ್ಕಮ್ಮನ ಮಗ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಎರಡು ವರ್ಷದಿಂದ ಒದ್ದಾಡುತ್ತಿದ್ದಾನೆ. ಔಷಧಿ ತರಲು ಗೊಬ್ಬರದ ಅಂಗಡಿಗೆ ಹೋದಾಗ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಅಡಿಕೆ ಮರಕ್ಕೆ ಹೊಡೆಯುವ ಕಡಲಪಾಚಿ ದ್ರಾವಣ ನಿಮಗೂ ಗೊತ್ತಿರುತ್ತದೆ. ಅದನ್ನು ಮಾರುವವನೇ ಇದನ್ನೂ ಮಾರುತ್ತಾನಂತೆ. "ಅಕ್ಕಾ, ಮರಕ್ಕೇ ಅಷ್ಟು ಗುಣ ಕಾಣಿಸುತ್ತೆ ಅಂದಮೇಲೆ ಮನುಷ್ಯರಿಗೆ ಆಗಲ್ವಾ? ಮತ್ತೆ ಇದು ಟೆಸ್ಟ್ ಆಗಿರೋದು, ನೀನೇ ಓದಿ ನೋಡು" ಅಂದ ಚಿಕ್ಕಮ್ಮನ ಮಗ.

ಚಿಕ್ಕಮ್ಮ ಮಾತ್ರ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂತ ಮಾರಾಯ್ತಿ, ಮಳೆಗಾಲದಲ್ಲಿ ಅಂಗಳದ ಪಾಚಿ ತಿಕ್ಕಿ ತಿಕ್ಕಿ ಸೊಂಟ ಬಿದ್ದುಹೋಯ್ತು. ಈಗ ಅದನ್ನೇ ನುಂಗಬೇಕಾ?" ಅಂದರು. ಆದರೂ ಮಗ ತಂದದ್ದು ಅಂತ ನುಂಗಲು ಶುರು ಮಾಡಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಆಗಲೇ ಒಂದು ವಾರವಾಗಿತ್ತು.

ನಾನು ಓದಿದೆ. ಮುಂದುಗಡೆ ದಪ್ಪ ಅಕ್ಷರದಲ್ಲಿ "500 ಮಿ.ಗ್ರಾಂ". ಅದರ ಕೆಳಗೆ, "ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ." ಹಿಂದುಗಡೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇದು ಔಷಧಿಯಾಗಿ ಬಳಸಲು ಅಲ್ಲ ಎಂದು. ಎರಡೂ ಸಾಲು ನಿಜವೇ. ನನಗೆ ಹೊಟ್ಟೆ ತೊಳೆಸಿದಂತಾದದ್ದು ಮುಂದುಗಡೆಯ ಆ ಪರೀಕ್ಷೆಯ ಸಾಲು ಓದಿ. ಯಾಕೆಂದರೆ ಅಂಥದೇ ಒಂದು ಸಾಲನ್ನು ನಾನೂ ಬರೆದಿದ್ದೇನೆ, ಪಿಎಚ್.ಡಿ. ಪ್ರಬಂಧದ ಕೊನೆ ಪುಟದಲ್ಲಿ.

ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ನಾಲ್ಕು ವರ್ಷ ನನ್ನ ಕೆಲಸ ಇದೇ ಆಗಿತ್ತು. ಕಡಲಪಾಚಿ ತರುವುದು, ಸಾರ ತೆಗೆಯುವುದು, ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದಾ ನೋಡುವುದು. ಮಳೆ ಮುಗಿದ ಮೇಲೆ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡು ಹೊರಡುತ್ತಿದ್ದೆವು. ಆ ದಿನಗಳಲ್ಲಿ ಇಳಿತ ಜಾಸ್ತಿ, ಬಂಡೆಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ. ಸಾಗರ, ತಾಳಗುಪ್ಪ ದಾಟಿ, ಗೇರುಸೊಪ್ಪದ ಘಾಟಿ ಇಳಿದು ಹೊನ್ನಾವರ. ಅಲ್ಲಿಂದ ಗೋಕರ್ಣದ ಕಡೆಗೆ. ಘಾಟಿಯಲ್ಲಿ ನನಗೆ ಪ್ರತಿ ಸಲವೂ ವಾಂತಿ. ಬಂಡೆಗೆ ಅಂಟಿಕೊಂಡ ಸರ್ಗಾಸಮ್ ಅನ್ನೋ ಕಂದು ಪಾಚಿ, ಬೀಸಣಿಗೆ ತರ ಇರುವ ಪಡೈನಾ, ಹಸಿರು ಪ್ಲಾಸ್ಟಿಕ್ ಹಾಳೆಯಂಥ ಉಲ್ವಾ, ಇವನ್ನೆಲ್ಲ ಕಿತ್ತು ಸಮುದ್ರದ ನೀರಲ್ಲೇ ತೊಳೆದು ತರುತ್ತಿದ್ದೆವು. ಮನೆಗೆ ಬಂದಮೇಲೆ ಮರಳು, ಪುಟಾಣಿ ಶಂಖದ ಹುಳ ಆರಿಸುವ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಒಣಗಿಸಿ ಪುಡಿ ಮಾಡಿ ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಮೆಥನಾಲನ್ನು ಹಾರಿಸಿದರೆ ತಳದಲ್ಲಿ ಕಪ್ಪುಹಸಿರು ಅಂಟು ಉಳಿಯುತ್ತದೆ. ನೋಡಲು ಥೇಟ್ ಜೋನಿಬೆಲ್ಲ, ವಾಸನೆ ಮೀನು ಮಾರ್ಕೆಟ್ಟಿನದು. ಅದೇ ಸಾರ.

ಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸುತ್ತಿದ್ದೆವು. ಹೀಲಾ ಎಂಬ ಕೋಶಗಳು 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಂಗಸಿನ ಗರ್ಭಕಂಠದ ಗಡ್ಡೆಯಿಂದ ತೆಗೆದವು, ಆಕೆಯನ್ನು ಒಂದು ಮಾತೂ ಕೇಳದೆ. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇವತ್ತಿಗೂ ಬೆಳೆಯುತ್ತಿವೆ. ಸ್ತನದ ಕ್ಯಾನ್ಸರಿಗೆ ಎಂಸಿಎಫ್-7. ಅದು 1970ರಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ಎದೆಯೊಳಗೆ ತುಂಬಿಕೊಂಡಿದ್ದ ನೀರಿನಿಂದ ಸಿಕ್ಕದ್ದು. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಅವರ ಮನೆಯವರಿಗೆ ಗೊತ್ತುಂಟಾ?" ಎಂದು ಕೇಳಿದರು.

ಪರೀಕ್ಷೆ ಅಂದರೆ ಏನು ಅಂತ ಹೇಳುತ್ತೇನೆ, ಡಬ್ಬಿಯ ಆ ಸಾಲಿನ ಬೆಲೆ ಆಗ ಗೊತ್ತಾಗುತ್ತದೆ. ಪಡ್ಡಿನ ಹಂಚು ಇದೆಯಲ್ಲ, ಅದನ್ನು ಅಂಗೈಯಷ್ಟು ಚಿಕ್ಕದು ಮಾಡಿ 96 ಗುಳಿ ಕೊರೆದಿದ್ದಾರೆ ಅಂದುಕೊಳ್ಳಿ. ಪ್ಲಾಸ್ಟಿಕ್ಕಿನದು, ಪ್ಲೇಟು ಅನ್ನುತ್ತೇವೆ. ಒಂದೊಂದು ಗುಳಿಗೂ ಕೆಲವು ಸಾವಿರ ಕೋಶ. 37 ಡಿಗ್ರಿ ಬಿಸಿಯಲ್ಲಿ ಒಂದು ದಿನ ಬಿಟ್ಟು, ಆಮೇಲೆ ಸಾರವನ್ನು ಬೇರೆ ಬೇರೆ ಅಳತೆಯಲ್ಲಿ ಹಾಕುವುದು. ಎರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣದ ದ್ರಾವಣ ಹಾಕುವುದು. 1983ರಲ್ಲಿ ಬಂದ ವಿಧಾನ, ಇವತ್ತಿಗೂ ಬಹಳಷ್ಟು ಕಡೆ ಮಾಡುವುದು ಇದನ್ನೇ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತದ್ದು ಮಾಡುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ಸುತ್ತ ಸೂಜಿ ಸೂಜಿಯಾಗಿ ನೇರಳೆ ಹರಳು. ಕರಗಿಸಿದರೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಆ ಬಣ್ಣ ಎಷ್ಟು ಗಾಢ ಅಂತ ಯಂತ್ರ ಅಳೆಯುತ್ತದೆ. ಅರ್ಧದಷ್ಟು ಕೋಶ ಸಾಯಲು ಎಷ್ಟು ಸಾರ ಬೇಕಾಯಿತೋ ಅದೇ ಐಸಿ-50. ಅದು ಎಷ್ಟು ಕಡಿಮೆ ಇದ್ದರೆ ಅಷ್ಟು ಜೋರು.

ನನ್ನ ಮೊದಲ ಪ್ಲೇಟು ಮರೆಯಲಾರೆ. ಸರ್ಗಾಸಮ್‌ನ ಬಿಸಿನೀರಿನ ಸಾರ, ಮಿಲಿಲೀಟರಿಗೆ 10 ಮಿಲಿಗ್ರಾಂ. ಎರಡು ದಿನ ಬಿಟ್ಟು ನೋಡಿದರೆ ಇಡೀ ಸಾಲು ಹಳದಿ. ಒಂದೂ ಬದುಕಿಲ್ಲ! ಆ ರಾತ್ರಿ ನಿದ್ದೆ ಬರಲಿಲ್ಲ. ನೊಬೆಲ್ ಭಾಷಣದಲ್ಲಿ ಅಮ್ಮನ ಹೆಸರು ಮೊದಲಾ, ಗೈಡ್ ಹೆಸರು ಮೊದಲಾ ಎನ್ನುವವರೆಗೆ ಹೋಗಿದ್ದೆ. ಬೆಳಿಗ್ಗೆ ಗೈಡ್ ಪ್ಲೇಟನ್ನು ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳಿದರು. "ಉಪ್ಪು ತೆಗೆದಿದ್ದೀಯೇನಮ್ಮಾ?"

ತೆಗೆದಿರಲಿಲ್ಲ. ಸಮುದ್ರದ ಗಿಡ, ಮೈತುಂಬಾ ಉಪ್ಪು. ನಾನು ಆ ಕೋಶಗಳನ್ನು ಉಪ್ಪಿನಕಾಯಿ ಹಾಕಿದ್ದೆ, ಅಷ್ಟೇ. ಸಾರವನ್ನು ಜರಡಿಯಂಥ ಕೊಳವೆ ಚೀಲದಲ್ಲಿ ಕಟ್ಟಿ, ಎರಡು ದಿನ ಶುದ್ಧ ನೀರಿನಲ್ಲಿಟ್ಟು, ಉಪ್ಪು ಹೊರಗೆ ಹೋದಮೇಲೆ ಮತ್ತೆ ಹಾಕಿದೆ. ಕೋಶಗಳು ನೇರಳೆ ಬಣ್ಣದಲ್ಲಿ ಆರಾಮಾಗಿದ್ದವು.

ಅಲ್ಲಿಂದ ಮುಂದೆ ಒಂದೊಂದೇ ಪಾಠ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ಸ್ವಲ್ಪ ಜಾಸ್ತಿಯಾದರೆ ಅದೇ ಕೊಲ್ಲುತ್ತದೆ. ಆದ್ದರಿಂದ ಬರೀ ಡಿಎಂಎಸ್‌ಒ ಹಾಕಿದ ಗುಳಿ ಪಕ್ಕದಲ್ಲಿ ಇರಲೇಬೇಕು. ಇನ್ನೊಂದು ತಮಾಷೆ ಇದೆ. ಕಂದು ಪಾಚಿಯಲ್ಲಿ ಒಗರು ಪದಾರ್ಥ ಬಹಳ. ಅದು ಕೋಶವೇ ಇಲ್ಲದ ಗುಳಿಯಲ್ಲೂ ಹಳದಿಯನ್ನು ನೇರಳೆ ಮಾಡಿಬಿಡುತ್ತದೆ. ಸತ್ತದ್ದು ಬದುಕಿದಂತೆ ಕಾಣುತ್ತದೆ! ಹೀಗೆ ಎರಡೂ ಕಡೆಯಿಂದ ಮೋಸ ಹೋಗಿ, ನಾಲ್ಕನೇ ವರ್ಷದಲ್ಲಿ ನನ್ನ ಒಂದು ಸಾರಕ್ಕೆ ಹೀಲಾ ಮೇಲೆ ಐಸಿ-50 ಸಿಕ್ಕಿದ್ದು ಮಿಲಿಲೀಟರಿಗೆ 42 ಮೈಕ್ರೋಗ್ರಾಂ. ಕಚ್ಚಾ ಸಾರಕ್ಕೆ 20ರಿಂದ 30ರ ಒಳಗೆ ಬಂದರೆ ಮಾತ್ರ ಮುಂದೆ ನೋಡೋಣ ಎನ್ನುವುದು ಈ ಕ್ಷೇತ್ರದಲ್ಲಿ ರೂಢಿ. ಕೋತಿಯ ಮೂತ್ರಪಿಂಡದಿಂದ ಬಂದ, ಕ್ಯಾನ್ಸರ್ ಅಲ್ಲದ ವೀರೋ ಕೋಶಗಳ ಮೇಲೂ ಹಾಕಿ ನೋಡಿದೆ. 55. ಅಂದರೆ ಕ್ಯಾನ್ಸರ್ ಕೋಶ, ಒಳ್ಳೆ ಕೋಶ ಎಂಬ ಭೇದವೇ ಇಲ್ಲ. ಚಿಕ್ಕಮ್ಮ ಅಂಗಳಕ್ಕೆ ಹಾಕುವ ಬ್ಲೀಚಿಂಗ್ ಪೌಡರ್ ಕೂಡ ಆ ಗುಳಿಗಳಲ್ಲಿ ಇಷ್ಟು ಕೆಲಸ ಮಾಡುತ್ತದೆ.

ನಮ್ಮ ಕಡೆಯವರಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ. ಅಡಿಕೆಯ ಸಾರ ಹಾಕಿದರೂ ಗುಳಿಯಲ್ಲಿ ಕ್ಯಾನ್ಸರ್ ಕೋಶ ಸಾಯುತ್ತದೆ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿದೆ. ಗುಳಿಯೇ ಬೇರೆ, ಬಾಯಿಯೇ ಬೇರೆ. (ನಮ್ಮಪ್ಪನದೂ ಅಡಿಕೆ ತೋಟವೇ. ನನ್ನ ಫೀಸು ಕಟ್ಟಿದ್ದು ಆ ದುಡ್ಡೇ.)

ಇಷ್ಟೆಲ್ಲ ಆದಮೇಲೆ ಪ್ರಬಂಧದ ಕೊನೆ ಸಾಲು ಏನು ಬರೆದೆ ಗೊತ್ತಾ? "ಈ ಸಾರದಲ್ಲಿ ಕ್ಯಾನ್ಸರ್ ನಿರೋಧಕ ಗುಣ ಇರುವ ಸಾಧ್ಯತೆಯಿದೆ, ಹೆಚ್ಚಿನ ಅಧ್ಯಯನ ಬೇಕು." ಎಲ್ಲರೂ ಹಾಗೇ ಬರೆಯುತ್ತಾರೆ, ನಾನೂ ಬರೆದೆ. ಡಬ್ಬಿಗೆ ಬರುವಾಗ ಆ ಸಾಲಿನ ಬಾಲ ಕತ್ತರಿಸಿಹೋಗಿರುತ್ತದೆ.

ಸರಿ, ಡಬ್ಬಿಗೆ ಬರೋಣ. ಗ್ರಾಹಕ ಸೇವೆಗೆ ಫೋನ್ ಮಾಡಿ ಪರೀಕ್ಷೆಯ ವರದಿ ಕೇಳಿದೆ. ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಮಾರನೇ ದಿನವೇ ವಾಟ್ಸಾಪಿನಲ್ಲಿ ಪಿಡಿಎಫ್ ಬಂತು. ಅರ್ಧ ಸ್ಟಾರ್ ಅದಕ್ಕೆ, ನಿಜವಾಗಿ. ನಾನು ಕೇಳಿದ ಎಷ್ಟೋ ಕಡೆ ಉತ್ತರವೇ ಬರುವುದಿಲ್ಲ.

ಏಳು ಪುಟದ ವರದಿ. ಮೊದಲ ಮೂರು ಪುಟ ಲೆಟರ್‌ಹೆಡ್, ಸೀಲು, ಸಹಿ. ಪಾಚಿಯ ಹೆಸರಿಲ್ಲ, "ಕಂದು ಕಡಲಪಾಚಿ" ಅಂತಷ್ಟೇ. ಕಂದು ಪಾಚಿಯಲ್ಲಿ ಸಾವಿರಾರು ಜಾತಿ ಇವೆ. "ಸೊಪ್ಪಿನ ಕಷಾಯ" ಅಂದಹಾಗಾಯಿತು, ಯಾವ ಸೊಪ್ಪು ಸ್ವಾಮಿ? ಎಂಸಿಎಫ್-7 ಮೇಲೆ 48 ಗಂಟೆ. ಐಸಿ-50 ಮಿಲಿಲೀಟರಿಗೆ 180 ಮೈಕ್ರೋಗ್ರಾಂ. ಒಳ್ಳೆ ಕೋಶದ ಮೇಲೆ ಪರೀಕ್ಷೆ ಇಲ್ಲ. ಬರೀ ಡಿಎಂಎಸ್‌ಒ ಹಾಕಿದ ಗುಳಿಯ ಅಂಕಿ ಇಲ್ಲ. ಕೋಶ ಇಲ್ಲದ ಗುಳಿಯ ಅಂಕಿಯೂ ಇಲ್ಲ. ಎಷ್ಟು ಸಲ ಮಾಡಿದರು ಎಂಬುದೂ ಇಲ್ಲ. ನನ್ನ ಗೈಡ್ ಆಗಿದ್ದರೆ ಎರಡನೇ ಪುಟಕ್ಕೇ ವಾಪಸ್ ಕೊಡುತ್ತಿದ್ದರು.

ಆ 180ನ್ನೇ ನಂಬಿ ಒಂದು ಲೆಕ್ಕ ಹಾಕಿ. ಹಿಂದಿನ ಸಣ್ಣ ಅಕ್ಷರದ ಪ್ರಕಾರ 500 ಮಿಲಿಗ್ರಾಂನಲ್ಲಿ ಪಾಚಿಯ ಸಾರ 300, ಉಳಿದದ್ದು ತುಂಬುವ ಪುಡಿ. ದಿನಕ್ಕೆ ಎರಡು, ಅಂದರೆ 600 ಮಿಲಿಗ್ರಾಂ. ಚಿಕ್ಕಮ್ಮನ ಮೈಯಲ್ಲಿ ರಕ್ತ ಸುಮಾರು ನಾಲ್ಕು ಲೀಟರ್ ಅಂದುಕೊಳ್ಳೋಣ. ನುಂಗಿದ್ದು ಒಂದು ಚೂರೂ ಹಾಳಾಗದೆ, ಒಂದೇ ಹೊತ್ತಿಗೆ, ಪೂರ್ತಿ ರಕ್ತಕ್ಕೆ ಸೇರಿತು ಅಂತಲೇ ಇಟ್ಟುಕೊಳ್ಳಿ. ಮಿಲಿಲೀಟರಿಗೆ 150 ಆಯಿತು. ಅವರದೇ ವರದಿಯ 180ಕ್ಕೆ ಸಾಲದು! ನಿಜದಲ್ಲಿ ಹಾಗೆ ಸೇರುವುದೂ ಇಲ್ಲ. ಕರಪತ್ರದಲ್ಲಿ ಹತ್ತು ಸಲ ಬರುವ ಫ್ಯುಕಾಯ್ಡನ್ ಅನ್ನೋದು ಉದ್ದುದ್ದ ಸಕ್ಕರೆ ಸರಪಳಿ. 1913ರಿಂದ ಗೊತ್ತಿರುವ ಪದಾರ್ಥ, ಪಾಚಿ ಮುಟ್ಟಿದರೆ ಲೋಳೆ ಲೋಳೆ ಅನಿಸುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಅಷ್ಟು ದೊಡ್ಡ ಸರಪಳಿ ಕರುಳು ದಾಟಿ ರಕ್ತಕ್ಕೆ ಇಳಿಯುವುದು ತೀರಾ ಕಡಿಮೆ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಕೈ ಸುಮ್ಮನಿರಲಿಲ್ಲ, ಆರು ಕ್ಯಾಪ್ಸೂಲ್ ಕಾಲೇಜಿಗೆ ತಗೊಂಡು ಹೋದೆ. ಬಿಚ್ಚಿದರೆ ತಿಳಿ ಕಂದು ಪುಡಿ. ವಾಸನೆ ಹೊನ್ನಾವರದ್ದೇ, ಅನುಮಾನವಿಲ್ಲ, ಪಾಚಿ ಇದೆ. ಚಿಟಿಕೆ ಪುಡಿಯನ್ನು ನೀರಲ್ಲಿ ಕದಡಿ ಅಯೋಡಿನ್ ಒಂದು ಹನಿ ಬಿಟ್ಟೆ. ಕಡು ನೀಲಿ. ಹೈಸ್ಕೂಲು ಮಕ್ಕಳಿಗೂ ಗೊತ್ತು, ಪಿಷ್ಟ. ತುಂಬುವ ಪುಡಿ ಅದೇ. ಆಮೇಲೆ ಎರಡು ಗ್ರಾಂ ತೂಗಿ, ಕೆಮಿಸ್ಟ್ರಿಯವರ ಕುಲುಮೆಯಲ್ಲಿ 550 ಡಿಗ್ರಿಗೆ ಸುಟ್ಟೆ. ಸಾಯಂಕಾಲ ತೂಗಿದರೆ ಬೂದಿ 0.58 ಗ್ರಾಂ. ಪಿಷ್ಟ ಸುಟ್ಟರೆ ಬೂದಿ ಉಳಿಯುವುದಿಲ್ಲ ಅನ್ನಬಹುದು. ಹಾಗಾದರೆ ಎರಡು ಗ್ರಾಂನಲ್ಲಿದ್ದ 1.2 ಗ್ರಾಂ ಸಾರದಲ್ಲಿ ಹತ್ತಿರ ಹತ್ತಿರ ಅರ್ಧ ಉಪ್ಪು, ಖನಿಜ. ಬೆಳಕಿಗೆ ಪ್ಲೇಟು ಹಿಡಿದಿದ್ದ ಗೈಡ್ ನೆನಪಾದರು. 180ರ ಮಟ್ಟದಲ್ಲಿ ಉಪ್ಪಿನಿಂದ ಕೋಶ ಸಾಯುವುದಿಲ್ಲ, ಆ ಆರೋಪ ನಾನು ಹೊರಿಸುವುದಿಲ್ಲ. ಆದರೆ ಒಂದು ಕ್ಯಾಪ್ಸೂಲಿಗೆ 47 ರೂಪಾಯಿ 50 ಪೈಸೆ ಕೊಟ್ಟು ತಗೊಂಡದ್ದು ಮುಖ್ಯವಾಗಿ ಪಿಷ್ಟ ಮತ್ತು ಉಪ್ಪು. ಇದನ್ನು ಮಗನಿಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಹೇಳಬಾರದಿತ್ತೇನೋ.

ಸಮುದ್ರದಿಂದ ಕ್ಯಾನ್ಸರ್ ಔಷಧಿ ಬರುವುದೇ ಇಲ್ಲ ಅಂತಲ್ಲ. ಬಂದಿದೆ. ರಕ್ತದ ಕ್ಯಾನ್ಸರಿಗೆ ಕೊಡುವ ಸೈಟರಬೀನ್‌ಗೆ ದಾರಿ ತೋರಿಸಿದ್ದು ಕೆರಿಬಿಯನ್ ಕಡಲಿನ ಒಂದು ಸ್ಪಂಜು. 1969ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸ್ತನ ಕ್ಯಾನ್ಸರಿಗೇ ಕೊಡುವ ಎರಿಬ್ಯುಲಿನ್ ಕತೆ ಇನ್ನೂ ಚೆಂದ. ಜಪಾನಿನ ಸ್ಪಂಜಿನಲ್ಲಿ ಮೂಲ ವಸ್ತು ಸಿಕ್ಕಿದ್ದು 1986ರಲ್ಲಿ, ಆಸ್ಪತ್ರೆಗೆ ಔಷಧಿಯಾಗಿ ಬಂದದ್ದು 2010ರಲ್ಲಿ. ಇಪ್ಪತ್ತನಾಲ್ಕು ವರ್ಷ. ಅದೂ ಒಂದೇ ಒಂದು ಅಣುವನ್ನು ಹಿಡಿದು, ಕಾರ್ಖಾನೆಯಲ್ಲಿ ಕಟ್ಟಿ, ರಕ್ತನಾಳಕ್ಕೇ ಕೊಡುವ ಹಾಗೆ ಮಾಡಿ. ಪಾಚಿಯ ಕಡೆಯಿಂದ ಬಂದು ಬಹಳ ದೂರ ಹೋದದ್ದು ಕಹಲಲೈಡ್-ಎಫ್. ಬ್ರಯಾಪ್ಸಿಸ್ ಎಂಬ ಹಸಿರು ಪಾಚಿ ತಿಂದು ಬದುಕುವ ಕಡಲ ಹುಳದಲ್ಲಿ ಸಿಕ್ಕಿತ್ತು. ಮನುಷ್ಯರ ಮೇಲೆ ಪ್ರಯೋಗದ ಎರಡನೇ ಹಂತದವರೆಗೂ ಹೋಗಿ ಅಲ್ಲೇ ನಿಂತಿತು. ಗುಳಿಯಲ್ಲಿ ಅದರ ಅಂಕಿ ನನ್ನ 42ಕ್ಕಿಂತ ಎಷ್ಟೋ ಚೆನ್ನಾಗಿತ್ತು. ಕಡಲಪಾಚಿಯ ಸಾರವೇ ಕ್ಯಾನ್ಸರ್ ಔಷಧಿಯಾಗಿ ಒಪ್ಪಿಗೆ ಪಡೆದದ್ದು ಇವತ್ತಿನವರೆಗೆ ಒಂದೂ ಇಲ್ಲ. ಫ್ಯುಕಾಯ್ಡನ್ ಕೊಟ್ಟರೆ ಕೀಮೋದ ಸುಸ್ತು ಕಡಿಮೆಯಾಗುತ್ತದಾ ಅಂತ ಜಪಾನಿನಲ್ಲಿ ಕೆಲವೇ ರೋಗಿಗಳ ಮೇಲೆ ನೋಡಿದ್ದಾರೆ. ಸ್ವಲ್ಪ ಆಸೆ ಹುಟ್ಟಿಸುವ ಸಣ್ಣ ಪ್ರಯೋಗ. ಆದರೆ ಅದು ಈ ಡಬ್ಬಿಯ ಪ್ರಯೋಗ ಅಲ್ಲವಲ್ಲ.

ಚಿಕ್ಕಮ್ಮನ ಡಾಕ್ಟರಿಗೆ ಡಬ್ಬಿ ತೋರಿಸಿದೆವು. ತೋರಿಸಿ ಅಂತ ಒತ್ತಾಯ ಮಾಡಿದ್ದು ನಾನು. ಮನೆಯಲ್ಲಿ ಎಲ್ಲರಿಗೂ ಮುಜುಗರ, "ಡಾಕ್ಟ್ರು ಬೈತಾರೆ" ಅಂತ. ಸಾಗರದ ಹತ್ತಿರ ನರಸೀಪುರದಲ್ಲಿ ನಾಟಿ ಔಷಧಿಗೆ ಹೊರರಾಜ್ಯದವರೂ ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದದ್ದನ್ನು ನೋಡಿದವರು ನಾವು. ಎರಡೂ ಕಡೆ ಔಷಧಿ ಮಾಡಿಸಿ ಒಂದು ಕಡೆಯವರಿಗೆ ಹೇಳದೆ ಇರುವುದು ನಮ್ಮಲ್ಲಿ ರೂಢಿ. ಡಾಕ್ಟರ್ ಬೈಯಲಿಲ್ಲ. ಆ ವಾರ ಚಿಕ್ಕಮ್ಮನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) 68 ಸಾವಿರಕ್ಕೆ ಇಳಿದಿತ್ತು. ಕೀಮೋದಲ್ಲಿ ಇಳಿಯುವುದು ಸಹಜ, ಕ್ಯಾಪ್ಸೂಲಿನಿಂದಲೇ ಅಂತ ನಾನು ಹೇಳಲಾರೆ. ಆದರೆ ಫ್ಯುಕಾಯ್ಡನ್‌ಗೆ ಹೆಪಾರಿನ್ ಎಂಬ ಔಷಧಿಯ ತರ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣ ಇದೆ ಎನ್ನುವುದು ಲ್ಯಾಬುಗಳಲ್ಲಿ ಕಂಡದ್ದೇ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಅಂಥದ್ದು ಯಾಕೆ ಬೇಕು? ಇನ್ನೊಂದು ಅಯೋಡಿನ್. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಕೆಲವು ಕಂದು ಪಾಚಿಗಳ ಒಂದೇ ಗ್ರಾಂನಲ್ಲಿ ಎಷ್ಟೋ ದಿನದ್ದು ಇರುತ್ತದೆ, ಥೈರಾಯ್ಡ್ ಏರುಪೇರಾಗಲು ಅಷ್ಟು ಸಾಕು. ಡಬ್ಬಿಯ ಮೇಲೆ ಅಯೋಡಿನ್ ಎಷ್ಟು ಅಂತ ಬರೆದಿಲ್ಲ. ಕಂದು ಪಾಚಿ ಆರ್ಸೆನಿಕ್ಕನ್ನೂ ಹೀರಿಕೊಳ್ಳುತ್ತದೆ. ಅದರ ಸುದ್ದಿಯೂ ಇಲ್ಲ. "ನಿಲ್ಲಿಸಿ" ಅಂದರು ಡಾಕ್ಟರ್, ಅಷ್ಟೇ.

ಏಜೆಂಟ್ ಬಗ್ಗೆ ಒಂದು ಮಾತು. ಕ್ಯಾನ್ಸರ್ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಆದ್ದರಿಂದ ಡಬ್ಬಿಯಲ್ಲಿ "ಗುಣ" ಎನ್ನುವ ಪದ ಎಲ್ಲೂ ಇಲ್ಲ, ಕರಪತ್ರದಲ್ಲೂ ಇಲ್ಲ. ಅದು ಇದ್ದದ್ದು ಏಜೆಂಟನ ಬಾಯಲ್ಲಿ. ಮೂರು ಡಬ್ಬಿ ಖಾಲಿಯಾಗುವಷ್ಟರಲ್ಲಿ ಗಡ್ಡೆ ಕರಗುತ್ತೆ ಅಂದನಂತೆ. ಆಪರೇಷನ್ ಆಗಿ ಗಡ್ಡೆ ತೆಗೆದು ಆಗಲೇ ಎರಡು ತಿಂಗಳಾಗಿತ್ತು.

ಪ್ಯಾಕಿಂಗ್ ಚೆನ್ನಾಗಿದೆ. ಮುಚ್ಚಳ ಗಟ್ಟಿ, ನಮ್ಮ ಮಳೆಗಾಲದ ತೇವಕ್ಕೂ ಪುಡಿ ಗಂಟು ಕಟ್ಟಿಲ್ಲ. ಅದಕ್ಕೆ ಒಂದು ಸ್ಟಾರ್. ತೆರೆದ ಡಬ್ಬಿ ವಾಪಸ್ ತಗೊಳ್ಳುವುದಿಲ್ಲವಂತೆ. ಚಿಕ್ಕಮ್ಮನಿಗೆ ಆದ ಅನುಭವ ಅಂದರೆ ಕಹಿ ತೇಗು, ಅದೂ ಪಾಚಿ ವಾಸನೆಯದು. ಕೀಮೋದಿಂದ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದ ಹೊತ್ತಿನಲ್ಲಿ ಅದೊಂದು ಬೇರೆ. ಡಾಕ್ಟರನ್ನು ಕೇಳಿಕೊಂಡು, ಒಂದೆಲಗವನ್ನು ಬೇಯಿಸಿ ಖಾರ ಹಾಕದೆ ತಂಬುಳಿ ಮಾಡಿಕೊಟ್ಟೆ. ಅರ್ಧ ಬಟ್ಟಲು ಅನ್ನ ಹೋಯಿತು.

ಹದಿನಾಲ್ಕು ಚಿಕ್ಕಮ್ಮ ನುಂಗಿದ್ದು, ಆರು ನಾನು ಸುಟ್ಟು ಹಾಳು ಮಾಡಿದ್ದು, ಉಳಿದದ್ದು ನಲವತ್ತು. ಎಸೆಯಲು ಮಗನಿಗೆ ಮನಸ್ಸು ಬರಲಿಲ್ಲ. ಊರಿಗೆ ತಗೊಂಡು ಹೋಗಿ, ಎಲ್ಲವನ್ನೂ ಬಿಚ್ಚಿ ಬಕೆಟ್ ನೀರಿಗೆ ಕದಡಿ, ಮನೆ ಹಿಂದಿನ ಮೆಣಸಿನ ಬಳ್ಳಿಯ ಬುಡಕ್ಕೆ ಹೊಯ್ದನಂತೆ. ಉಪ್ಪು ಇದೆ ಕಣೋ ಅಂತ ಹೇಳಿದ್ದೆ, ಕೇಳಲಿಲ್ಲ. ಬಳ್ಳಿ ಹೇಗಿದೆ ಅಂತ ನಾನಿನ್ನೂ ವಿಚಾರಿಸಿಲ್ಲ.